ಔಷಧಿ ನಿಲ್ಲಿಸಿದ ಮೇಲೆ ಎಷ್ಟು ದಿನ?

ನನ್ನ 500 ಬ್ರಾಯ್ಲರ್ ಕೋಳಿ ಮೊನ್ನೆ ಲೋಡ್ ಆದವು, ವ್ಯಾಪಾರಿ ಬಂದ ದಿನಕ್ಕಿಂತ ಐದು ದಿನ ತಡವಾಗಿ. ಯಾಕೆ ಗಾಡಿ ವಾಪಸ್ ಕಳಿಸಿದೆ ಅಂತ ಇಬ್ಬರು ಮೂವರು ಕೇಳಿದ್ರು. ಅದಕ್ಕೇ ಬರೀತಿದ್ದೀನಿ.

31ನೇ ದಿನ ಶೆಡ್ಡಲ್ಲಿ ಗೊರಗೊರ ಸದ್ದು ಶುರುವಾಯ್ತು. ಡಾಕ್ಟ್ರು ನೋಡಿ ನೀರಲ್ಲಿ ಎನ್ರೋಫ್ಲಾಕ್ಸಸಿನ್ ಐದು ದಿನ ಕೊಡಿಸಿದ್ರು. ಕೊನೇ ಡೋಸ್ ಆಗಿ 7 ದಿನ ಮಾಂಸಕ್ಕೆ ಮಾರಬಾರದು ಅಂತ ಬಾಟ್ಲಿ ಮೇಲೇ ಇತ್ತು. ಅಂದ್ರೆ 42ನೇ ದಿನ ಮುಗೀಬೇಕು. ವ್ಯಾಪಾರಿ 38ಕ್ಕೇ ಬಂದ. "ಬೇಯಿಸಿದ್ರೆ ಎಲ್ಲಾ ಹೋಗುತ್ತೆ ಬಿಡಣ್ಣ, ಯಾರು ನೋಡ್ತಾರೆ?" ಅಂದ.

ಬೇಯಿಸಿದ್ರೆ ಹೋಗಲ್ಲ. ಈ ಔಷಧಿ ಕುದಿಯೋ ಶಾಖಕ್ಕೆ ಜಗ್ಗಲ್ಲ. ಸ್ವಲ್ಪ ಸಾರಿಗೆ ಇಳಿಯುತ್ತೆ, ಆ ಸಾರನ್ನೂ ನಾವೇ ಉಣ್ಣೋದು. ಇನ್ನೊಂದು ವಿಷಯ, ಕೋಳಿ ಮೈಯಲ್ಲಿ ಇದರ ಒಂದು ಪಾಲು ಸಿಪ್ರೋಫ್ಲಾಕ್ಸಸಿನ್ ಆಗಿ ಬದಲಾಗುತ್ತೆ. ಮನುಷ್ಯರಿಗೆ ಕೊಡೋ ಮಾತ್ರೆಯೂ ಅದೇ. ರೋಗಾಣು ಅದಕ್ಕೆ ಒಗ್ಗಿಹೋದ್ರೆ ನಾಳೆ ನಮಗೇ ಮಾತ್ರೆ ಹತ್ತಲ್ಲ.

ಯಾರು ನೋಡ್ತಾರೆ ಅನ್ನೋದು ಅರ್ಧ ನಿಜ. ಬಣ್ಣ, ವಾಸನೆಯಲ್ಲಿ ಏನೂ ಗೊತ್ತಾಗಲ್ಲ. ಲ್ಯಾಬಲ್ಲಿ ಮೊದಲು ಸೂಕ್ಷ್ಮಾಣು ಬೆಳೆಸಿದ ತಟ್ಟೆ ಮೇಲೆ ಮಾಂಸದ್ದೋ ಮೂತ್ರಪಿಂಡದ್ದೋ ಚೂರು ಇಡ್ತಾರೆ. ಔಷಧಿ ಇದ್ರೆ ಅದರ ಸುತ್ತ ಸೂಕ್ಷ್ಮಾಣು ಬೆಳೆಯದೆ ಬಳೆಯಂಗೆ ಖಾಲಿ ಉಳಿಯುತ್ತೆ. ಯಾವ ಔಷಧಿ, ಎಷ್ಟು ಅಂತ ತಿಳಿಯೋಕೆ ಬೇರೆ ದೊಡ್ಡ ಯಂತ್ರ ಬೇಕು. ಅದು ಕೆಜಿ ಮಾಂಸದಲ್ಲಿ ಒಂದು ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲು ಇದ್ರೂ ಹಿಡಿಯುತ್ತೆ. ನಮ್ಮೂರ ಚಿಕನ್ ಅಂಗಡಿಗೆ ಆ ಯಂತ್ರ ಬರಲ್ಲ. ಹಂಗಾಗಿ ಇಲ್ಲಿ ಲೆಕ್ಕ ಇಡಬೇಕಾದವರು ನಾವೇ.

ಕಾದಿದ್ದಕ್ಕೆ ಒಂಬತ್ತು ಮೂಟೆ ಫೀಡ್ ಹೆಚ್ಚಿಗೆ ಹೋಯ್ತು. ತೂಕ ಏರಿತು ನಿಜ, ಆದ್ರೆ ದಪ್ಪ ಕೋಳಿ ಅಂತ ವ್ಯಾಪಾರಿ ಕೆಜಿಗೆ ನಾಲ್ಕು ರೂಪಾಯಿ ಮುರಿದ. ನಷ್ಟ ನಷ್ಟವೇ. ಆದ್ರೆ ಔಷಧಿ ಹೆಚ್ಚು ನಿಲ್ಲೋದು ಲಿವರ್, ಮೂತ್ರಪಿಂಡದಲ್ಲಿ. ಮೆತ್ತಗಿರುತ್ತೆ ಅಂತ ಲಿವರ್ ತಿನ್ನಿಸೋದು ಮಕ್ಕಳಿಗೆ.

ನಾನು ಮಾಡೋದು ಇಷ್ಟು. ಔಷಧಿ ಹೆಸರು, ಶುರು ಮಾಡಿದ ದಿನ, ನಿಲ್ಲಿಸಿದ ದಿನ ಪುಸ್ತಕದಲ್ಲಿ ಬರೀತೀನಿ. ನಿಲ್ಲಿಸಿದ ದಿನವೇ ಟ್ಯಾಂಕು, ಪೈಪು, ನಿಪ್ಪಲ್ ತೊಳೀತೀನಿ, ಇಲ್ಲಾಂದ್ರೆ ತಳದಲ್ಲಿ ಉಳಿದಿದ್ದನ್ನ ಕೋಳಿ ಕುಡೀತಾನೇ ಇರುತ್ತೆ. ಕೋಲಿಸ್ಟಿನ್ ಮುಟ್ಟಲ್ಲ, 2019ರಲ್ಲೇ ನಿಷೇಧ ಆಗಿದೆ.

ಬಾಟ್ಲಿ ಮೇಲೆ ದಿನ ಇಲ್ದಿದ್ರೆ? 2012ರ ನಿಯಮದ ಪ್ರಕಾರ ಔಷಧಿಗೆ ದಿನ ಪರೀಕ್ಷಿಸಿ ಗೊತ್ತುಮಾಡಿಲ್ಲದಿದ್ರೆ ಮಾಂಸಕ್ಕೆ ಕನಿಷ್ಠ 28 ದಿನ, ಮೊಟ್ಟೆಗೆ 7 ದಿನ. 42ಕ್ಕೆ ಹೋಗೋ ಕೋಳಿಗೆ 28 ಕಳೀರಿ, 14ನೇ ದಿನಕ್ಕೇ ಔಷಧಿ ನಿಲ್ಲಬೇಕು. ಅದಕ್ಕೇ ಕೊಳ್ಳುವಾಗಲೇ ದಿನ ಬರೆದಿರೋ ಬಾಟ್ಲಿ ಕೇಳಿ.

ಇವತ್ತು ಸಂಜೆ ನಿಮ್ಮ ಶೆಡ್ಡಲ್ಲಿರೋ ಬಾಟ್ಲಿ ತಿರುಗಿಸಿ ನೋಡಿ. ಎಷ್ಟು ದಿನ ಅಂತಿದೆ, ಕೆಳಗೆ ಬರೀರಿ.