ಗಿಮ್ಲಿ ಎಂಬ ಊರು

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮ ಊರಿನ ಚರಿತ್ರೆಯನ್ನು ಯಾರೂ ಬರೆದಿಟ್ಟಿಲ್ಲ. ಅಜ್ಜಿಯ ಬಾಯಲ್ಲಿ ಇರುವಷ್ಟೇ ಚರಿತ್ರೆ. ಅಂಥ ನಾನು ನಮ್ಮ ಗ್ರಂಥಭಂಡಾರದಲ್ಲಿ ಕೆನಡಾದ ಭೂಪಟವನ್ನು ನೋಡುತ್ತಿದ್ದಾಗ ಗಿಮ್ಲಿ ಎಂಬ ಹೆಸರು ಕಣ್ಣಿಗೆ ಬಿತ್ತು. ಕುತೂಹಲದಿಂದ ಅದರ ಕಥೆಯನ್ನು ಹುಡುಕಿ ಓದಿದೆ.

ಗಿಮ್ಲಿ ಇರುವುದು ಮ್ಯಾನಿಟೋಬಾ ಪ್ರಾಂತದಲ್ಲಿ, ವಿನಿಪೆಗ್ ಸರೋವರದ ಪಶ್ಚಿಮ ದಡದಲ್ಲಿ. ಸರೋವರವೆಂದರೆ ನಮ್ಮೂರ ಕೆರೆಯಂಥದಲ್ಲ. ಅದರ ವಿಸ್ತಾರ ಸುಮಾರು 24,500 ಚದರ ಕಿಲೋಮೀಟರು! ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುತ್ತದೆ. ಆಗ ಬೆಸ್ತರು ಮಂಜುಗಡ್ಡೆಯನ್ನು ಕೊರೆದು, ಅದರ ಕೆಳಗೆ ಬಲೆ ಬಿಡುತ್ತಾರೆ. ಗಿಮ್ಲಿ ಪೇಟೆಯೂ ಸುತ್ತಣ ಗ್ರಾಮಾಂತರವೂ 2003ರಲ್ಲಿ ಒಂದೇ ಸ್ಥಳೀಯ ಆಡಳಿತಕ್ಕೆ ಸೇರಿದವು.

ಬಡತನಕ್ಕೆ ಬೇಸತ್ತು ಐಸ್‌ಲ್ಯಾಂಡನ್ನು ತೊರೆದ ಮುನ್ನೂರಕ್ಕೆ ಸಮೀಪದಷ್ಟು ಜನ 1875ರ ಅಕ್ಟೋಬರ್ 21ರಂದು ಅಲ್ಲಿಗೆ ಬಂದಿಳಿದರು. ಅವರ ಪುರಾಣದಂತೆ ಪ್ರಳಯದ ಬಳಿಕ ಸಜ್ಜನರು ನೆಲಸುವ ಮಂದಿರದ ಹೆಸರು ಗಿಮ್ಲಿ. ಆ ಹೆಸರನ್ನೇ ಊರಿಗಿಟ್ಟರು. ಮರುವರ್ಷ ಸಾವಿರಕ್ಕೂ ಮಿಕ್ಕಿ ಜನ ಬಂದು ಸೇರಿದರು. ಅದೇ ವರ್ಷ, ನಮ್ಮ ಹಿರಿಯರು 'ಅಮ್ಮ' ಎಂದು ಕರೆದು ನಡುಗುತ್ತಿದ್ದ ಸಿಡುಬು ಅಲ್ಲಿ ಕಾಣಿಸಿಕೊಂಡು ನೂರಕ್ಕೂ ಹೆಚ್ಚು ವಲಸಿಗರನ್ನು ಬಲಿತೆಗೆದುಕೊಂಡಿತು. 1877ರ ಜುಲೈವರೆಗೂ ಹೊರಗಿನ ಸಂಪರ್ಕಕ್ಕೆ ತಡೆಯಿತ್ತು. ಆದರೂ ಆ ಜನ ಸೆಪ್ಟೆಂಬರಿನಲ್ಲಿ ತಮ್ಮ ಭಾಷೆಯಲ್ಲೇ 'ಫ್ರಾಮ್‌ಫಾರಿ' ಎಂಬ ಪತ್ರಿಕೆಯನ್ನು ಹೊರಡಿಸಿದರು! ಹಾಗೆಂದರೆ ಪ್ರಗತಿ. ಇದನ್ನೋದಿ ನನಗೆ ರೋಮಾಂಚವಾಯಿತು.

ಆದರೆ ಆ ನೆಲ ಬರಿದಾಗಿರಲಿಲ್ಲ. ಗಿಮ್ಲಿಯ ಉತ್ತರಕ್ಕಿರುವ ಸ್ಯಾಂಡಿ ಬಾರಿನಲ್ಲಿ ಮೂಲನಿವಾಸಿಗಳಿದ್ದರು. ಅವರ ನೆಲ ವಲಸಿಗರ ಪಾಲಾಯಿತು. ಸಿಡುಬು ಅವರನ್ನೂ ಬಿಡಲಿಲ್ಲ. ಅವರಲ್ಲೊಬ್ಬನಾದ ಜಾನ್ ರ್‍ಯಾಮ್ಸೆ ತನ್ನ ಜಾಗಕ್ಕಾಗಿ ವಾದಿಸಿ ಸೋತ. ಹಾಗಿದ್ದೂ ಬೇಟೆಯ ಮಾಂಸವನ್ನು ತಂದು ವಲಸಿಗರಿಗೆ ನೆರವಾದ. 1876ರಲ್ಲಿ ಸಿಡುಬಿನಿಂದ ತೀರಿಕೊಂಡ ಹೆಂಡತಿ ಬೆಟ್ಸಿಯ ಗೋರಿಗೆ, ಹೆಸರು ಕೆತ್ತಿಸಿದ ಅಮೃತಶಿಲೆಯನ್ನು ತಂದು ನಿಲ್ಲಿಸಿದ.

ಒಂದು ಕಡೆ ಪತ್ರಿಕೆ, ಇನ್ನೊಂದು ಕಡೆ ಒಂದು ಕಲ್ಲು. ಅವಳ ಜೊತೆಗೆ ಸತ್ತ ಉಳಿದವರ ಹೆಸರುಗಳೇನು? ಈ ಪ್ರಶ್ನೆ ನನ್ನನ್ನು ಬಿಡದೆ ಕಾಡಿತು. ನಮ್ಮ ಹಿರಿಯರ ಹೆಸರುಗಳಾದರೂ ಎಲ್ಲಿವೆ? ಅಜ್ಜಿಗೆ ಎಂಬತ್ತು ದಾಟಿದೆ. ಬರುವ ಬೇಸಿಗೆ ರಜೆಯಲ್ಲಿ ಒಂದು ನೋಟುಪುಸ್ತಕ ಹಿಡಿದು ಅವಳ ಮಗ್ಗುಲಲ್ಲಿ ಕೂರಬೇಕೆಂದಿದ್ದೇನೆ.