ಅಡುಗೆಮನೆ ಹತ್ತು ಗಂಟೆಗೆ ಬಂದ್

ಅಪ್ಪ ಅಮ್ಮ ಸ್ವಂತ ದುಡಿಮೆಯಿಂದ ಕಟ್ಟಿದ ಮನೆಯಲ್ಲಿ ವಾಸಿಸಲು ಬೆಳೆದ ಮಗನಿಗೆ ಕಾನೂನಿನ ಹಕ್ಕಿಲ್ಲ, ಅವರ ಕೃಪೆ ಇರುವಷ್ಟು ದಿನ ಇರಬಹುದು ಎಂದು ದೆಹಲಿ ಹೈಕೋರ್ಟು 2016ರಲ್ಲಿ ಹೇಳಿತು. ಇದನ್ನು ಪತ್ರಿಕೆಯಲ್ಲಿ ಓದಿದ ಅಪ್ಪಂದಿರೆಲ್ಲ ಒಮ್ಮೆ ಮೀಸೆ ತಿರುವಿರಬೇಕು. ನಾನೂ ತಿರುವಿದೆ.

ನಮ್ಮದು ಪೆಂದುರ್ತಿಯಲ್ಲಿ ಮನೆ. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು, ಪಿಎಫ್ ಜೊತೆ ಸಾಲ ಸೇರಿಸಿ ಕಟ್ಟಿಸಿದ್ದು. ಅಪ್ಪಟ ಸ್ವಯಾರ್ಜಿತ. ಪಿತ್ರಾರ್ಜಿತವಾಗಿದ್ದರೆ ಕಥೆಯೇ ಬೇರೆ. ಅದರಲ್ಲಿ ಮಗನಿಗೆ ಹುಟ್ಟುತ್ತಲೇ ಪಾಲು ಎಂದು 'ಮಿತಾಕ್ಷರಾ'ದಲ್ಲಿ ಬರೆದಿಟ್ಟ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನೇ, ಆರನೆಯ ವಿಕ್ರಮಾದಿತ್ಯನ ಕಾಲದವನು. ಹೆಣ್ಣುಮಕ್ಕಳಿಗೂ ಆ ಪಾಲನ್ನು ಆಂಧ್ರ 1986ರಲ್ಲೇ ಕೊಟ್ಟಿತು, ಕರ್ನಾಟಕ 1994ರಲ್ಲಿ. ಈ ವಿಷಯದಲ್ಲಿ ತೆಲುಗರು ನಮಗಿಂತ ಮುಂದು, ಒಪ್ಪಿಕೊಳ್ಳಬೇಕು.

ಮಗ ಕೊರೋನಾದಲ್ಲಿ ಬೆಂಗಳೂರಿನ ಪಿಜಿ ಖಾಲಿ ಮಾಡಿ ಬಂದವನು, ಮಹಡಿಯ ಕೋಣೆ ಬಿಟ್ಟು ಇಳಿದಿಲ್ಲ. ವರ್ಕ್ ಫ್ರಮ್ ಹೋಮ್. ನಾನು ನಿವೃತ್ತನಾಗುವಾಗ ಪಡೆಯುತ್ತಿದ್ದುದಕ್ಕಿಂತ ಹೆಚ್ಚು ಸಂಬಳ. ಪಕ್ಕದ ಮನೆಯವರು "ಅಬ್ಬಾಯಿ ಇಂಟ್ಲೋನೇ ಉನ್ನಾಡಾಂಡೀ?" (ಹುಡುಗ ಮನೆಯಲ್ಲೇ ಇದ್ದಾನೇನ್ರೀ?) ಎಂದು ಕಕ್ಕುಲಾತಿಯಿಂದಲೇ ಕೇಳುತ್ತಾರೆ. ಅವರಿಗೇನು ಗೊತ್ತು? ಈ ಊರಿನ ಬೆವರು ಸೆಖೆಗೆ ಹಗಲಿರುಳು ಏಸಿ. ಯೂನಿಟ್ಟು ಏರಿದ ಹಾಗೆ ದರವೂ ಏರುವ ಸ್ಲ್ಯಾಬ್ ಲೆಕ್ಕ. ರಾತ್ರಿ ಹನ್ನೊಂದಕ್ಕೆ ಊಟ, ಸಿಂಕಿನಲ್ಲಿ ತಟ್ಟೆ.

ಮಾತೆತ್ತಿದರೆ ಇವಳು, "ಅವನೇನು ಬಾಡಿಗೆಯವನೇನ್ರೀ?" ಎನ್ನುತ್ತಾಳೆ. ಬಾಡಿಗೆಯವನಾಗಿದ್ದರೆ ತಿಂಗಳಿಗೊಮ್ಮೆಯಾದರೂ ಕೆಳಗಿಳಿದು ಮುಖ ತೋರಿಸುತ್ತಿದ್ದ!

2007ರ ಹಿರಿಯ ನಾಗರಿಕರ ಕಾಯ್ದೆಯೂ ಇದೆ. ಮಕ್ಕಳು ನೋಡಿಕೊಳ್ಳದಿದ್ದರೆ ಆರ್‌ಡಿಓ ಮುಂದೆ ಅರ್ಜಿ ಹಾಕಬಹುದು. ಆದರೆ ನನ್ನ ಬಿಪಿ ಮಾತ್ರೆ ಮುಗಿಯುವ ಮೊದಲೇ ತರಿಸಿಡುವ ಹುಡುಗನ ಮೇಲೆ ಏನೆಂದು ದೂರು ಕೊಡಲಿ? ತಟ್ಟೆ ತೊಳೆಯುವುದಿಲ್ಲ ಎಂದೇ?

ಕೊನೆಗೆ ಒಂದು ಭಾನುವಾರ, ಯಾರಿಗೂ ಸಿಟ್ಟಿಲ್ಲದ ಹೊತ್ತು ನೋಡಿ, ಕಾಫಿ ಕುಡಿಯುತ್ತಾ ಹೇಳಿದೆ: ಕರೆಂಟು ಬಿಲ್ಲು ನಿನ್ನದು, ಹತ್ತರ ಮೇಲೆ ಅಡುಗೆಮನೆ ಬಂದ್, ತಟ್ಟೆ ನೀನೇ ತೊಳಿ. "ಆಯ್ತಪ್ಪಾ" ಎಂದ. ಇಷ್ಟು ಸಲೀಸೇ ಎಂದುಕೊಳ್ಳುವಷ್ಟರಲ್ಲಿ ಅವನ ಪಟ್ಟಿ ಬಂತು. ಬಾಗಿಲು ತಟ್ಟದೆ ಒಳಗೆ ಬರಬೇಡಿ. ಊಟಕ್ಕೆ ಕೂತಾಗ ಜಾತಕದ ಮಾತು ಬೇಡ. ಎಷ್ಟೊತ್ತಿಗೆ ಬರ್ತೀನಿ ಅಂತ ನಾನೇ ಫೋನ್ ಮಾಡ್ತೀನಿ, ಹತ್ತು ಸಲ ನೀವು ಮಾಡಬೇಡಿ.

ನ್ಯಾಯವಾದದ್ದೇ. ಬಿಲ್ಲು ಅವನು ಕಟ್ಟುತ್ತಿದ್ದಾನೆ, ತಟ್ಟೆಯನ್ನೂ ತೊಳೆಯುತ್ತಾನೆ. ನಾನು ಬಾಗಿಲು ತಟ್ಟುವುದನ್ನು ಕಲಿಯುತ್ತಿದ್ದೇನೆ. ಅಡುಗೆಮನೆ ಮಾತ್ರ ಬಂದ್ ಆಗಿಲ್ಲ. ಹನ್ನೊಂದು ಗಂಟೆಗೆ ಸಾರು ಬಿಸಿಯಾಗುವ ವಾಸನೆ ಹಾಸಿಗೆಗೇ ಬರುತ್ತದೆ. ನೀವೂ ಮಗನ ಜೊತೆ ಕರಾರು ಮಾಡಿಕೊಳ್ಳುವುದಿದ್ದರೆ, ದಯವಿಟ್ಟು ಮೊದಲು ಅವನ ಅಮ್ಮನ ಒಪ್ಪಿಗೆ ಪಡೆಯಿರಿ.