ಸಾರಥಿಯ ವೃತ್ತಿ

ನಮ್ಮ ಮನೆಯ ಬಾಗಿಲಿನ ಪಕ್ಕದಲ್ಲಿ ಒಂದು ಚಿಕ್ಕ ಹಲಗೆಯಿದೆ. ಅದರ ಮೇಲೆ ನನ್ನ ಹೆಸರೂ, ಹೆಸರಿನ ಕೆಳಗೆ ‘ಲೈಫ್ ಕೋಚ್’ ಎಂಬ ಎರಡು ಮಾತುಗಳೂ ಇವೆ. ಅದನ್ನು ಬರೆಸಿ ತಂದವನು ನಾನಲ್ಲ, ನನ್ನ ತಂಗಿಯ ಮಗಳು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಾನು ನಿವೃತ್ತನಾದ ಮೇಲೆ, ಹಳೆಯ ವಿದ್ಯಾರ್ಥಿಗಳೂ ಅವರ ಪರಿಚಿತರೂ ತಮ್ಮ ತಮ್ಮ ತೊಡಕುಗಳನ್ನು ಹೇಳಿಕೊಳ್ಳಲು ನನ್ನಲ್ಲಿಗೆ ಬರತೊಡಗಿದರು. ‘ಇದಕ್ಕೆ ಈಗ ಒಂದು ಹೆಸರಿದೆ, ಮಾವ’ ಎಂದು ಆಕೆ ನನಗೆ ತಿಳಿಸಿದಳು. ಹಲಗೆ ತೂಗುಹಾಕಿದ ದಿನವೇ ಎದುರು ಮನೆಯ ವೃದ್ಧೆಯೊಬ್ಬರು ಬಂದು, ‘ಕೋಚ್ ಅಂದ್ರೆ ರೈಲಿಂದಲ್ವೇ ಮೇಷ್ಟ್ರೇ? ನಿಮ್ಮನೇಲಿ ಟಿಕೀಟು ಕೊಡ್ತಾರೋ?’ ಎಂದು ಕೇಳಿದರು.

ನಾನು ನಕ್ಕುಬಿಟ್ಟೆ. ಆದರೆ ವಿಚಾರಿಸಿ ನೋಡಿದಾಗ ಆ ತಾಯಿಯ ಮಾತೇ ಸರಿಯೆಂದು ತಿಳಿಯಿತು. ಹಂಗೆರಿ ದೇಶದಲ್ಲಿ ಕೋಚ್ ಎಂಬ ಒಂದು ಹಳ್ಳಿಯುಂಟು. ಅಲ್ಲಿ ಮಾಡುತ್ತಿದ್ದ ಕುದುರೆಗಾಡಿಗಳಿಗೆ ಊರಿನ ಹೆಸರೇ ನಿಂತು, ಯೂರೋಪಿನ ಭಾಷೆಗಳಲ್ಲೆಲ್ಲಾ ಹರಡಿತು. ಮುಂದೆ 1830ರ ಸುಮಾರಿಗೆ ಇಂಗ್ಲೆಂಡಿನ ವಿಶ್ವವಿದ್ಯಾಲಯದ ಹುಡುಗರು, ತಮ್ಮನ್ನು ಪರೀಕ್ಷೆಯೆಂಬ ಹೊಳೆಯನ್ನು ದಾಟಿಸುವ ಖಾಸಗಿ ಉಪಾಧ್ಯಾಯರನ್ನು ವಿನೋದಕ್ಕಾಗಿ ಈ ಹೆಸರಿನಿಂದ ಕರೆದರು. ಅಲ್ಲಿಂದ ಅದು ಆಟ ಕಲಿಸುವವರಿಗೂ, ಕಡೆಗೆ ನನ್ನಂಥವರಿಗೂ ಬಂದಿತು. ಹೀಗಿರಲು ನಾನು ಗಾಡಿಯವನೆಂದು ಹೇಳಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ಗಾಡಿಯವನು ಊರನ್ನು ಗೊತ್ತುಮಾಡುವವನಲ್ಲ. ಕುಳಿತವನು ಹೇಳಿದ ಊರಿಗೆ ಹೊಡೆದುಕೊಂಡು ಹೋಗುವವನು. ಇಷ್ಟು ಸಣ್ಣ ವಿಷಯವನ್ನು ಅರಿಯಲು ನನಗೆ ಬಹುಕಾಲ ಹಿಡಿಯಿತು. ಅರಿತದ್ದು ಹೇಗೆಂಬುದನ್ನೇ ವಾಚಕರ ಮುಂದಿಡಬೇಕೆಂದಿದ್ದೇನೆ.

ನಿಮಗೆ ಸ್ಫೂರ್ತಿ ಕೊಟ್ಟವರು ಯಾರೆಂದು ಬಂದವರು ಆಗಾಗ ಕೇಳುವುದುಂಟು. ದೊಡ್ಡ ಹೆಸರೊಂದು ಬರುವುದೆಂದು ಅವರು ಕಾದಿರುತ್ತಾರೆ. ನಾನು ಹೇಳುವುದು ನನ್ನ ಅಜ್ಜಿಯನ್ನು. ಹಾಸನದ ಕಡೆಯ ಒಂದು ಹಳ್ಳಿಯಲ್ಲಿ ಆಕೆ ಸಂಜೆ ಜಗಲಿಯ ಮೇಲೆ ಕುಳಿತು ದೀಪದ ಬತ್ತಿ ಹೊಸೆಯುತ್ತಿದ್ದಳು. ಅಕ್ಷರವನ್ನು ಕಾಣದ ಹೆಂಗಸು. ಆದರೂ ಊರಿನ ಸೊಸೆಯಂದಿರು, ಅತ್ತೆಯಂದಿರು, ಒಮ್ಮೊಮ್ಮೆ ಗಂಡಸರು ಕೂಡ ಆಕೆಯ ಬಳಿಗೆ ಬಂದು ಕುಳಿತುಕೊಳ್ಳುತ್ತಿದ್ದರು. ಆಕೆ ಆಡುತ್ತಿದ್ದುದು ಹೆಚ್ಚಾಗಿ ಒಂದೇ ಮಾತು: ‘ಆಮೇಲೆ?’ ಬಂದವಳು ಅತ್ತು, ಬೈದು, ಹೇಳಬೇಕಾದುದನ್ನೂ ಹೇಳಬಾರದುದನ್ನೂ ಹೇಳಿ ಮುಗಿಸುವವರೆಗೂ ‘ಆಮೇಲೆ?’ ಎನ್ನುವಳು. ಎಲ್ಲವೂ ಮುಗಿದಮೇಲೆ ಬತ್ತಿಯನ್ನು ಪಕ್ಕಕ್ಕಿಟ್ಟು, ‘ಈಗ ನೀನೇನು ಮಾಡ್ಬೇಕೂಂತಿದ್ದೀಯಮ್ಮ?’ ಎಂದು ಕೇಳುವಳು. ಬಂದವಳಿಗೆ ಅದು ಗೊತ್ತೇ ಇರುತ್ತಿತ್ತು; ಆದರೆ ತನಗೆ ಗೊತ್ತಿದೆಯೆಂಬುದು ಆ ಗಳಿಗೆಯವರೆಗೆ ಗೊತ್ತಿರುತ್ತಿರಲಿಲ್ಲ.

ಇಂಥ ಅಜ್ಜಿಯ ಮೊಮ್ಮಗನಾದರೂ ನಾನು ಆದದ್ದು ಮೇಷ್ಟ್ರು. ಗಂಟೆ ಬಾರಿಸಿದೊಡನೆ ಮಾತಾಡತೊಡಗಿ, ಮತ್ತೆ ಬಾರಿಸುವವರೆಗೂ ನಿಲ್ಲಿಸದಿರುವುದು ನನ್ನ ವೃತ್ತಿಯ ಅಭ್ಯಾಸವಾಗಿದ್ದಿತು. ಜೊತೆಗೆ ಪುಸ್ತಕಗಳ ಹುಚ್ಚು. ನನ್ನ ಅಭಿರುಚಿಗಳು ಬಹಳವಿಲ್ಲ: ಬೆಳಗಿನ ಜಾವ ಒಂದು ಲೋಟ ಫಿಲ್ಟರ್ ಕಾಫಿ, ಲಾಲ್‌ಬಾಗಿನ ಹಳೆಯ ಬಂಡೆಯವರೆಗೆ ಒಂದು ನಡಿಗೆ, ಹಿಂದಿರುಗಿ ಬಂದು 1943ರಲ್ಲಿ ಪ್ರಕಟವಾದ ಡಿ. ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ದಿಂದ ಒಂದೇ ಒಂದು ಪದ್ಯ. ಎರಡು ಪದ್ಯ ಓದಿದರೆ ಎರಡೂ ನಿಲ್ಲುವುದಿಲ್ಲವೆಂಬುದು ನನ್ನ ಅನುಭವ. ರಾತ್ರಿಯ ಹೊತ್ತಿಗೆ ಇಬ್ಬರು ಪರದೇಶದ ಹಿರಿಯರಿದ್ದಾರೆ. ಒಬ್ಬನು ಕ್ರಿ. ಶ. 180ರಲ್ಲಿ ತೀರಿಕೊಂಡ ರೋಮಿನ ಚಕ್ರವರ್ತಿ ಮಾರ್ಕಸ್ ಅರೀಲಿಯಸ್. ಅವನು ತನಗಾಗಿಯೇ ಗ್ರೀಕ್ ಭಾಷೆಯಲ್ಲಿ ಬರೆದಿಟ್ಟುಕೊಂಡ ಟಿಪ್ಪಣಿಗಳ ಮೊದಲನೆಯ ಭಾಗವೆಲ್ಲಾ ಋಣದ ಲೆಕ್ಕ. ಯಾರಿಂದ ತಾನು ಏನನ್ನು ಕಲಿತೆನೆಂಬ ಪಟ್ಟಿ. ಆ ಪಟ್ಟಿಯಲ್ಲಿ ಮೊದಲು ಬರುವವನು ಅವನ ಅಜ್ಜ. ಚಕ್ರವರ್ತಿಯೇ ಅಜ್ಜನಿಂದ ಮೊದಲು ಮಾಡಿರುವಾಗ, ನಾನು ಅಜ್ಜಿಯನ್ನು ಮುಂದಿಡುವುದರಲ್ಲಿ ತಪ್ಪೇನು?

ಇನ್ನೊಬ್ಬನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಅವನು ಹದಿಮೂರು ಸದ್ಗುಣಗಳನ್ನು ಆರಿಸಿಕೊಂಡು, ವಾರಕ್ಕೊಂದರಂತೆ ಸಾಧಿಸಲು ಹೊರಟು, ತಪ್ಪಿದಾಗಲೆಲ್ಲಾ ಪುಸ್ತಕದಲ್ಲಿ ಒಂದೊಂದು ಕಪ್ಪು ಚುಕ್ಕೆಯಿಡುತ್ತಿದ್ದನು. ಅವನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಶಿಸ್ತು; ವಸ್ತುಗಳನ್ನು ಅವವುಗಳ ಸ್ಥಾನದಲ್ಲಿಡುವುದು. ಆ ಸೋಲನ್ನು ಹೇಳುತ್ತಾ ಅವನು ಒಂದು ಕಥೆಯನ್ನು ಹೇಳುತ್ತಾನೆ. ಒಬ್ಬನು ಕೊಡಲಿಯ ಮೈಯೆಲ್ಲಾ ಅಲಗಿನಂತೆಯೇ ಹೊಳೆಯಬೇಕೆಂದು ಕಮ್ಮಾರನನ್ನು ಕೇಳಿದನಂತೆ. ‘ಚಕ್ರವನ್ನು ನೀನು ತಿರುಗಿಸುವುದಾದರೆ ಆಗಬಹುದು’ ಎಂದನಂತೆ ಕಮ್ಮಾರ. ತಿರುಗಿಸಿ ತಿರುಗಿಸಿ ಸಾಕಾಗಿ, ಚುಕ್ಕೆ ಚುಕ್ಕೆಯ ಕೊಡಲಿಯೇ ಚೆಂದವೆಂದು ಅವನು ಮನೆಗೆ ಹೊರಟುಹೋದನಂತೆ.

ಇನ್ನು ನನ್ನ ಕೊಡಲಿಯ ಚುಕ್ಕೆಯನ್ನು ಹೇಳಬೇಕು.

ನನ್ನ ತಮ್ಮ ಒಂದು ಸಣ್ಣ ಮುದ್ರಣಾಲಯವನ್ನಿಟ್ಟುಕೊಂಡಿದ್ದನು. ಲಗ್ನಪತ್ರಿಕೆ, ಬಿಲ್ಲುಪುಸ್ತಕ, ಆಗೀಗ ಒಂದು ಕವನಸಂಗ್ರಹ. ಒಂದು ಸಂಜೆ ಅವನು ಹೇಳದೆ ಕೇಳದೆ ಬಂದು, ‘ಪ್ರೆಸ್ಸು ಮುಚ್ಚಬೇಕು ಅಂತಿದ್ದೀನಿ, ಅಣ್ಣ’ ಎಂದನು. ಅಷ್ಟು ಸಾಕಾಯಿತು ನನಗೆ. ಸಾಲದ ವಿಷಯ, ಮಿತವ್ಯಯದ ವಿಷಯ, ನಿತ್ಯದ ಲೆಕ್ಕವನ್ನು ಅಂದಂದೇ ಬರೆಯಬೇಕಾದ ವಿಷಯ. ಫ್ರಾಂಕ್ಲಿನ್ನನ ಹದಿಮೂರು ಗುಣಗಳ ಕೋಷ್ಟಕವನ್ನು ಕಾಗದದ ಮೇಲೆ ಗೆರೆ ಎಳೆದೇ ತೋರಿಸಿದೆನು. ಕೊಡಲಿಯ ಕಥೆಯನ್ನು ಮಾತ್ರ ಹೇಳಲಿಲ್ಲ. ಒಂದು ಗಂಟೆ ಕಳೆದಿರಬೇಕು. ತಮ್ಮ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು, ‘ಸರಿ ಅಣ್ಣ, ಬರ್ತೀನಿ’ ಎಂದು ಎದ್ದನು. ಕಾಫಿ ಅರ್ಧ ಹಾಗೆಯೇ ಉಳಿದಿತ್ತು. ಲೋಟ ತೆಗೆಯಲು ಬಂದ ನನ್ನ ಹೆಂಡತಿ, ‘ಅವರು ಬೇರೇನೋ ಹೇಳೋಕೆ ಬಂದಿದ್ರು ಅನ್ಸುತ್ತೆ’ ಎಂದಳು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎಂಟು ದಿನಗಳ ಮೇಲೆ ತಮ್ಮನ ಹೆಂಡತಿ ಆಸ್ಪತ್ರೆಯಿಂದ ದೂರವಾಣಿ ಮಾಡಿದಳು. ಹೃದಯದ ರಕ್ತನಾಳಗಳು ಕಟ್ಟಿಕೊಂಡಿವೆ, ಶಸ್ತ್ರಚಿಕಿತ್ಸೆಯಾಗಬೇಕು ಎಂದು ವೈದ್ಯರು ಅವನಿಗೆ ತಿಳಿಸಿದ್ದು, ಅವನು ನಮ್ಮ ಮನೆಗೆ ಬಂದಿದ್ದ ದಿನದ ಬೆಳಗ್ಗೆ. ಹೆಂಡತಿಗೆ ಹೇಳಲು ಧೈರ್ಯ ಸಾಲದೆ, ಮೊದಲು ಅಣ್ಣನಿಗೆ ಹೇಳೋಣವೆಂದು ಬಂದಿದ್ದನಂತೆ. ನಾನು ಅವನಿಗೆ ಲೆಕ್ಕ ಬರೆಯುವ ಕ್ರಮವನ್ನು ಕಲಿಸಿ ಕಳುಹಿಸಿದ್ದೆನು!

ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನು ನೆನೆದುದು ಇನ್ನೊಬ್ಬ ಸಾರಥಿಯನ್ನು. ಗೀತೆಯ ಮೊದಲನೆಯ ಅಧ್ಯಾಯದಲ್ಲಿ ಅರ್ಜುನನು ಕೈ ನಡುಗಿ, ಬಾಯೊಣಗಿ, ತನ್ನ ಅಳಲನ್ನೆಲ್ಲಾ ತೋಡಿಕೊಳ್ಳುತ್ತಾನೆ. ಆ ಅಧ್ಯಾಯದಲ್ಲಿ ಕೃಷ್ಣನು ಆಡುವುದು ಒಂದೇ ಒಂದು ಚಿಕ್ಕ ಮಾತು, ಎದುರಿಗಿರುವವರನ್ನು ನೋಡು ಎಂದು. ಉಪದೇಶವು ಆರಂಭವಾಗುವುದು, ನಾನು ನಿನ್ನ ಶಿಷ್ಯನೆಂದು ಅರ್ಜುನನೇ ಬಾಯಿಬಿಟ್ಟು ಕೇಳಿಕೊಂಡ ಮೇಲೆ. ಹದಿನೆಂಟನೆಯ ಅಧ್ಯಾಯದ ಕೊನೆಯ ಹೊತ್ತಿಗೆ, ಇದನ್ನೆಲ್ಲಾ ಚೆನ್ನಾಗಿ ವಿಚಾರಮಾಡಿ ಇಷ್ಟಬಂದಂತೆ ಮಾಡೆಂದು ನಿರ್ಣಯವನ್ನು ಅವನಿಗೇ ಬಿಡುತ್ತಾನೆ. ಎಷ್ಟೋ ಸಲ ಓದಿದ್ದ ಗ್ರಂಥ; ಈ ಕ್ರಮವು ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಶಸ್ತ್ರಚಿಕಿತ್ಸೆ ನಿರ್ವಿಘ್ನವಾಗಿ ನಡೆಯಿತು. ನಾಲ್ಕನೆಯ ದಿನ ತಮ್ಮ ತಾನಾಗಿಯೇ ಮಾತು ತೆಗೆದನು. ನಾನು ತುಟಿಯನ್ನು ಕಚ್ಚಿಕೊಂಡು, ‘ಆಮೇಲೆ?’ ಎಂದೆನು. ಯಂತ್ರಗಳನ್ನು ಮಾರಿ ಸಾಲ ತೀರಿಸುವುದಾಗಿಯೂ, ಮನೆಯಲ್ಲಿಯೇ ಕುಳಿತು ಪ್ರೂಫು ತಿದ್ದುವ ಕೆಲಸ ಮಾಡುವುದಾಗಿಯೂ ಹೇಳಿದನು. ಅದರಲ್ಲಿ ಹೊಟ್ಟೆ ತುಂಬೀತೇ ಎಂಬ ಮಾತು ನನ್ನ ನಾಲಗೆಯ ತುದಿಗೆ ಮೂರು ಸಲ ಬಂದಿತು. ಮೂರು ಸಲವೂ ನುಂಗಿದೆನು.

ಈಗ ನನ್ನಲ್ಲಿಗೆ ಬರುವವರೊಡನೆ ನಾನು ನಡೆದುಕೊಳ್ಳುವ ರೀತಿ ಇದೇ. 1974ರಲ್ಲಿ ತಿಮೊಥಿ ಗಾಲ್ವೆ ಎಂಬ ಅಮೆರಿಕದ ಟೆನಿಸ್ ಶಿಕ್ಷಕನು ಬರೆದ ಪುಸ್ತಕವೊಂದು ಈ ವೃತ್ತಿಯವರಲ್ಲಿ ಪ್ರಸಿದ್ಧವಾಗಿದೆ. ಕೈ ಹೀಗಿಡು, ಕಾಲು ಹಾಗಿಡು ಎಂದು ಹೇಳಿದಷ್ಟೂ ಆಟ ಕೆಡುತ್ತದೆ. ಬರುವ ಚೆಂಡಿನ ಹೊಲಿಗೆಯನ್ನು ಗಮನಿಸಿ ನೋಡೆಂದರೆ ಕೈ ತಾನಾಗಿ ಸರಿಹೋಗುತ್ತದೆ ಎಂದು ಅವನು ಕಂಡುಕೊಂಡನು. ಮೊನ್ನೆ ಒಬ್ಬ ತರುಣನು, ಪಟ್ಟಣದ ಉದ್ಯೋಗವನ್ನು ಬಿಟ್ಟು ಊರಿನ ತೆಂಗಿನ ತೋಟಕ್ಕೆ ಹಿಂದಿರುಗಬಹುದೇ ಎಂದು ಕೇಳಲು ಬಂದಿದ್ದನು. ‘ನಾನು ಬೇಡವೆಂದರೆ ನಿನಗೇನನ್ನಿಸುತ್ತದೆ?’ ಎಂದೆನು. ಅವನ ಮುಖ ಬಾಡಿತು. ಉತ್ತರ ನಮ್ಮಿಬ್ಬರಿಗೂ ಒಟ್ಟಿಗೆ ತಿಳಿಯಿತು. ಉಳಿದ ಹೊತ್ತನ್ನೆಲ್ಲಾ ನೀರು, ಗೊಬ್ಬರ, ತಂದೆಗೆ ಹೇಳುವ ಬಗೆ, ಇವುಗಳ ಮಾತಿನಲ್ಲಿ ಕಳೆದೆವು. ನಿದ್ರೆಯೂ ಅನ್ನವೂ ಸೇರದೆ ಮನಸ್ಸೇ ಕಾಯಿಲೆ ಬಿದ್ದಿರುವವರನ್ನು ಮಾತ್ರ ಕೂಡಲೇ ವೈದ್ಯರಲ್ಲಿಗೆ ಕಳುಹಿಸುತ್ತೇನೆ. ಗಾಡಿಯವನು ಹೋಗಬಾರದ ದಾರಿಯೂ ಉಂಟು.

ಈ ಲೇಖನದ ಕೊನೆಯಲ್ಲಿ ಗೃಹಸ್ಥರಿಗೆ ಉಪಯುಕ್ತವಾದ ಐದು ಸೂತ್ರಗಳನ್ನು ಬರೆದಿದ್ದೆನು. ತಿದ್ದಿ ಕೊಡೆಂದು ತಮ್ಮನಿಗೆ ಕಳುಹಿಸಿದೆನು. ಅವನು ಅಲ್ಪಪ್ರಾಣ ಮಹಾಪ್ರಾಣಗಳನ್ನೆಲ್ಲಾ ಸರಿಪಡಿಸಿ, ಐದು ಸೂತ್ರಗಳ ಮೇಲೆ ಕೆಂಪು ಶಾಯಿಯಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದು, ಅಂಚಿನಲ್ಲಿ ಹೀಗೆ ಬರೆದು ಕಳುಹಿಸಿದ್ದಾನೆ: ‘ಓದುವವರಿಗೂ ಸ್ವಲ್ಪ ಬಿಡು, ಅಣ್ಣ.’

ಬಿಟ್ಟಿದ್ದೇನೆ.